ಎರಡು-ಒಂದಕ್ಕೆ ಖಲೀಲನ ಉತ್ತರ

ಲಕ್ಷ್ಮೇಶ್ವರ
19 ಜನವರಿ 2025

ಸಕ್ರಪ್ಪಣ್ಣನವರಿಗೆ,

ಅಕ್ಷರ ನೋಡಿ ಬೆಚ್ಚಬೇಡಿ. ಹನ್ನೊಂದು ವರ್ಷ ಖಲೀಲನ ಹೆಸರಿನಲ್ಲಿ ನಿಮಗೆ ಬಂದ ಪತ್ರಗಳೆಲ್ಲ ಇದೇ ಅಕ್ಷರದವು. ನನ್ನ ತಮ್ಮನಿಗೆ ಉಳಿ ಹಿಡಿಯಲು ಬರುತ್ತಿತ್ತು, ಪೆನ್ನು ಹಿಡಿಯಲು ಬರುತ್ತಿರಲಿಲ್ಲ. ಅವನು ಹೇಳುತ್ತಿದ್ದ, ಏಳನೇ ಇಯತ್ತೆ ಕಲಿತ ನಾನು ಬರೆಯುತ್ತಿದ್ದೆ. ನಿಮ್ಮ ಪತ್ರ ಬಂದರೆ ಓದುತ್ತಿದ್ದವಳೂ ನಾನೇ.

ನೀವು ದಫನಕ್ಕೆ ಬಂದಿದ್ದಿರಂತೆ. ಖಬರಸ್ತಾನದ ಗೋಡೆಯ ಹೊರಗೆ ಟವೆಲು ಬಾಯಿಗೆ ಹಿಡಿದು ನಿಂತು, ಯಾರ ಜೊತೆಗೂ ಮಾತಾಡದೆ ಮುಂಡರಗಿ ಬಸ್ಸು ಹತ್ತಿದಿರಿ ಎಂದು ಜನ ಹೇಳಿದರು.

ಮೂರು ತಿಂಗಳಾಯಿತು. ಅವನ ಗರಗಸ, ಉಳಿ, ಕೊಡತಿ ಎಲ್ಲ ಗೋಣಿಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಟ್ಟಿದ್ದೇನೆ. ನೀವಿಬ್ಬರೂ ದಾಳ ಹಾಕಿ ಪತ್ರದಲ್ಲೇ ಆಡುತ್ತಿದ್ದ ನರ್ದದ ಹಲಗೆ ಮಾತ್ರ ಕಿಟಕಿಯ ಕಟ್ಟೆಯ ಮೇಲೆ ಹಾಗೇ ಇದೆ. ಒಂದೇ ತೇಗದ ತುಂಡನ್ನು ಸೀಳಿ ನಿಮಗೊಂದು, ತನಗೊಂದು ಹಲಗೆ ಮಾಡಿದ್ದನಲ್ಲ, ಅದು. ಅವನ ದಾಳ ನೀವು ಹಾಕಿ ಬರೆಯುವುದು, ನಿಮ್ಮ ದಾಳ ಅವನು ಹಾಕಿ ಬರೆಸುವುದು. ಒಬ್ಬರ ದಾಳ ಇನ್ನೊಬ್ಬರ ಕೈಯಲ್ಲಿ ಕೊಟ್ಟು ಇಷ್ಟು ವರ್ಷ ಜಗಳವಿಲ್ಲದೆ ಆಡಿದ್ದು ನನಗೆ ಈಗಲೂ ಸೋಜಿಗ.

ನಿಮ್ಮ ಕೊನೆಯ ಪತ್ರದಲ್ಲಿ ಅವನಿಗೆ ಎರಡು-ಒಂದು ಬಿದ್ದಿದೆ ಎಂದಿತ್ತು. ಆಟ ಅಲ್ಲಿಗೇ ನಿಂತಿದೆ. ಅರ್ಧ ಆಟವನ್ನು ಒಬ್ಬರೇ ಎತ್ತಬಾರದು ಎನ್ನುತ್ತಿದ್ದ. ಅದಕ್ಕೆ ಕೇಳುತ್ತಿದ್ದೇನೆ. ಕಾಯಿಗಳನ್ನು ಚೀಲಕ್ಕೆ ಹಾಕಲೇ?

ಇನ್ನೊಂದು. ಒಂದು ಕಾಯಿ ಇಟ್ಟಲ್ಲಿ ನಿಲ್ಲುತ್ತಿಲ್ಲ. ಐದನೇ ಗೂಡಿನಲ್ಲಿ ಇಟ್ಟದ್ದು ನಾನು ಪೇಟೆಗೆ ಹೋಗಿ ಬರುವಷ್ಟರಲ್ಲಿ ಹಿಂದಿನ ಗೂಡಿಗೆ, ಆರಕ್ಕೆ, ಹೋಗಿ ಕೂತಿರುತ್ತದೆ. ಮನೆಯಲ್ಲಿ ನಾನೊಬ್ಬಳೇ ಇರುವುದು. ಇಲಿ ಇರಬೇಕು.

ಬಾನುಬಿ


ಮುಂಡರಗಿ
2 ಫೆಬ್ರುವರಿ 2025

ಬಾನುಬಿ ಅಕ್ಕನವರಿಗೆ ಸಕ್ರಪ್ಪನ ನಮಸ್ಕಾರ.

ನಿಮ್ಮ ಪತ್ರ ಬಂದ ದಿನ ಹೊಲದಿಂದ ಉಳ್ಳಾಗಡ್ಡಿ ಚೀಲ ಬಂದಿದ್ದವು. ಇಳಿಸುವುದನ್ನು ಬಿಟ್ಟು ಅಂಗಳದಲ್ಲಿ ಕೂತುಬಿಟ್ಟೆ. ಕಾಯಿ ಎತ್ತಬೇಡಿ.

ಐದನೇ ಗೂಡಿನಲ್ಲಿ ಕಾಯಿ ಇದೆ ಎಂದು ಬರೆದಿದ್ದೀರಿ. ಆಟ ಹೂಡುವಾಗ ಆ ಗೂಡು ಖಾಲಿ ಇರುತ್ತದೆ. ಅಂದರೆ ಖಲೀಲ ಉತ್ತರ ಆಡಿದ್ದ. ಒಂಟಿ ಇಟ್ಟಿದ್ದ.

ನಿಮಗೆ ಆಟ ಬರುವುದಿಲ್ಲ, ಬಿಡಿಸಿ ಹೇಳುತ್ತೇನೆ. ನನ್ನ ಮೊದಲ ದಾಳ ನಾಲ್ಕು-ಮೂರು. ನಡುವಿನಿಂದ ಎರಡು ಕಾಯಿ ಇಳಿಸಿದ್ದೆ. ಅದಕ್ಕೆ ಅವನ ಉತ್ತರದ ದಾಳ ಎರಡು-ಒಂದು. ಎರಡಕ್ಕೆ ನಡುವಿನ ಕಾಯಿ ಎರಡು ಗೂಡು ಇಳಿಯಬೇಕು, ಅದರಲ್ಲಿ ತಕರಾರಿಲ್ಲ. ಒಂದನ್ನು ಎಲ್ಲಿ ಆಡುವುದು ಎಂಬುದೇ ಫಜೀತಿ. ನನ್ನ ಮನೆಯ ಮೂಲೆಯಲ್ಲಿ ಅವನ ಎರಡು ಕಾಯಿ ಜೋಡಿಯಾಗಿ ಕೂತಿವೆ. ಆ ಜೋಡಿ ಒಡೆದು ಒಂದನ್ನು ಪಕ್ಕದ ಗೂಡಿಗೆ ಸರಿಸಬಹುದು. ಇಲ್ಲವೇ ತನ್ನ ಮನೆಯಲ್ಲೇ ಆರರಿಂದ ಐದಕ್ಕೆ ಒಂದು ಕಾಯಿಯನ್ನು ಒಂಟಿಯಾಗಿ ಇಡಬಹುದು. ನನ್ನ ಕಾಯಿ ಬಂದು ಆ ಒಂಟಿಯನ್ನು ಹೊಡೆದು ಹೊರಗೆ ಹಾಕದಿದ್ದರೆ ಮುಂದಿನ ಸಲ ಅಲ್ಲಿ ಗಟ್ಟಿ ಗೂಡು ಕಟ್ಟಬಹುದು. ಹೊಡೆತ ಬೀಳಲು ನನಗೆ ಮೂವತ್ತಾರರಲ್ಲಿ ಹದಿನೈದು ದಾಳ ಇದ್ದವು.

ನನ್ನ ಲೆಕ್ಕಕ್ಕೆ ಅಲ್ಲಿ ಒಂಟಿಯೇ ಸರಿ. ಎದುರಿನವನು ಕಾಯಿ ಇಳಿಸಿ ಹೊಂಚು ಹಾಕಿದಾಗ ಜೋಡಿ ಒಡೆದರೆ ಹೊಡೆತ ತಿನ್ನುವುದು ಖಾತ್ರಿ. ಆದರೆ ಖಲೀಲ ಯಾವಾಗಲೂ ಜೋಡಿಯನ್ನೇ ಒಡೆಯುತ್ತಿದ್ದ. ಅದಕ್ಕೇ ಕೊನೆಯ ಪತ್ರದಲ್ಲಿ ಹಾಗೆ ಬರೆದೆ. ಓದಿದವರು ನೀವೇ, ನೆನಪಿರಬೇಕು. "ನೀ ಈ ಸಲಾನೂ ಜೋಡಿನ ಒಡೀತಿ ಮಗನ. ಹನ್ನೊಂದು ವರ್ಷ ಆತು, ಒಂಟಿ ಇಡೂ ಎದಿ ನಿನಗ ಒಮ್ಮೆಯೂ ಬರಲಿಲ್ಲ. ನಿಮ್ಮಕ್ಕನ ಸೆರಗಿನ್ಯಾಗ ಕುಂಡ್ರು."

ಚೇಷ್ಟೆಗೆ ಬರೆದದ್ದು. ಆದರೆ ಅವನು ಹಳ್ಳಕ್ಕೆ ನೀರು ಬಂದರೆ ಗಾಡಿ ತಿರುಗಿಸಿಕೊಂಡು ಮನೆಗೆ ಹೋಗುವ ಮನುಷ್ಯ. ದಂಡೆಯ ಮೇಲಿನ ಜನ ಬೇಡವೆಂದರೂ ಅವತ್ತು ನೀರಿಗೆ ಇಳಿದ. ನನ್ನ ಮಾತು ಚುಚ್ಚಿ ಒಂಟಿ ಇಟ್ಟವನು ಅದೇ ಮಾತು ಚುಚ್ಚಿ ನೀರಿಗೂ ಇಳಿದಿರಬೇಕು.

ಖರೆ ಹೇಳಿ ಅಕ್ಕಾ. ಅವನು ನಿಮ್ಮ ಕೈಯಿಂದ ಏನು ಬರೆಸಿದ? ಅವತ್ತು ಎಲ್ಲಿಗೆ ಹೊರಟಿದ್ದ?

ಸಕ್ರಪ್ಪ


ಲಕ್ಷ್ಮೇಶ್ವರ
24 ಫೆಬ್ರುವರಿ 2025

ಸಕ್ರಪ್ಪಣ್ಣನವರಿಗೆ,

ಕಾಯಿ ಎತ್ತಿಲ್ಲ. ಇಲ್ಲಿ ಬಿಸಿಲು ಈಗಲೇ ಏರಿದೆ. ಕೌದಿ ಹೊಲಿಯುವ ಕೆಲಸ ಕೈತುಂಬ ಇದೆ, ಬಾಣಂತಿಯರಿರುವ ಮನೆಗಳಿಂದ ಬರುತ್ತದೆ.

ಆ ಕಾಯಿ ಸರಿಸುವುದು ಇಲಿಯಲ್ಲ. ಪಕ್ಕದ ಮನೆಯ ನಸ್ರೀನಳನ್ನು ಕರೆದು ತೋರಿಸಿದೆ. ಅವಳು ನಕ್ಕಳು.

"ಆಪಾ, ನಿಮ್ಮ ಮನಿ ಇಲಿ ಭಾಳ ಶಾಣ್ಯಾ ಐತಿ ಬಿಡ್ರಿ. ಹದಿನೈದು ಕಾಯಿದಾಗ ಒಂದನ್ನ ಹಿಡಿತೈತಿ, ಒಂದ ಗೂಡು ಸರಿಸಿ ಸುಮ್ಮನಾಗತೈತಿ. ನಮ್ಮನಿಯಾವು ಸಾಬೂನನೂ ಬಿಡೂದಿಲ್ಲ."

ಅವಳನ್ನು ಹಲಗೆಯ ಎದುರಿಗೇ ಕೂರಿಸಿ, ಕಾಯಿಯನ್ನು ಐದರಲ್ಲಿ ಇಟ್ಟು, ಚಹಾ ಮಾಡಲು ಒಳಗೆ ಹೋದೆ. ಹಾಲು ಉಕ್ಕುವ ಮೊದಲೇ ಅವಳು ಅಡಿಗೆಮನೆಗೆ ಬಂದಳು. ನಗು ಇರಲಿಲ್ಲ.

"ನಾ ಕಣ್ಣ ಪಿಳುಕಿಸಲಿಲ್ರಿ ಆಪಾ. ಖರೆ ಹೇಳ್ತೇನಿ. ಅದು ಹೋಗೂದು ಕಾಣಲಿಲ್ಲ. ಹೋಗಿತ್ತು, ಅಷ್ಟ."

ಚಹಾ ಕುಡಿಯದೆ ಹೋದಳು. ಆಮೇಲೆ ನಮ್ಮ ಬಾಗಿಲ ಮುಂದೆ ಹಾಯುವಾಗ ಸೆರಗು ಹೊದ್ದುಕೊಳ್ಳುತ್ತಾಳೆ.

ನಾನು ದಿನಾ ನಾಲ್ಕು ಸಾಲು ವಹಿಯಲ್ಲಿ ಬರೆದಿಡುತ್ತೇನೆ, ಸಣ್ಣವಳಿದ್ದಾಗಿನಿಂದ ರೂಢಿ. ಈ ತಿಂಗಳು ಬರೆದದ್ದೆಲ್ಲ ಒಂದೇ. ಇಟ್ಟೆ, ಹೋಯಿತು. ಇಟ್ಟೆ, ಹೋಯಿತು.

ನೀವು ಊಟ ಸರಿಯಾಗಿ ಮಾಡಿ.

ಬಾನುಬಿ


ಮುಂಡರಗಿ
16 ಮಾರ್ಚ್ 2025

ಬಾನುಬಿ ಅಕ್ಕನವರಿಗೆ,

ನಾನು ಕೇಳಿದ್ದಕ್ಕೆ ನೀವು ಉತ್ತರ ಬರೆಯಲಿಲ್ಲ. ಎರಡು ಸಲ ಓದಿದೆ, ಮೊಮ್ಮಗಳ ಕೈಯಿಂದ ಓದಿಸಿದೆ. ಇಲ್ಲ.

ಇರಲಿ. ಇದನ್ನು ಓದಿ.

ಕೊನೆಯ ಪತ್ರ ನಿಮ್ಮೂರಿಗೆ ಕಳಿಸಿದ ದಿನವೇ ನನ್ನ ಹಲಗೆಯ ಮೇಲೆ ಹಳೆಯ ಧೋತರ ಮುಚ್ಚಿಟ್ಟಿದ್ದೆ. ಉತ್ತರ ಬಂದ ಮೇಲೆ ತೆಗೆದರಾಯಿತೆಂದು. ಖಬರ ಬಂದ ಮೇಲೆ ಮುಟ್ಟುವ ಧೈರ್ಯ ಆಗಲಿಲ್ಲ. ನಿಮ್ಮ ಪತ್ರ ಬಂದ ಮೇಲೆ, ಮೊನ್ನೆ ಗುರುವಾರ ಮಧ್ಯಾಹ್ನ, ತೆಗೆದೆ.

ನಡುವಿನ ಕಾಯಿ ಎರಡು ಗೂಡು ಇಳಿದಿದೆ. ಹಿಂದಿನ ಜೋಡಿ ಒಡೆದಿದೆ. ಒಂದು ಮೂಲೆಯಲ್ಲಿದೆ, ಇನ್ನೊಂದು ಅದರ ಪಕ್ಕದ ಗೂಡಿನಲ್ಲಿ. ಆರನೇ ಗೂಡಿನ ಐದೂ ಕಾಯಿ ಅಲ್ಲೇ ಇವೆ. ಎರಡು-ಒಂದನ್ನು ಜೋಡಿ ಒಡೆದು ಆಡಿದ ಹಾಗೆ.

ಹೆಂಡತಿ ಫಕ್ಕೀರವ್ವನನ್ನು ಕರೆದು ಕೇಳಿದೆ, ನೀ ಏನಾರ ಮುಟ್ಟಿದಿಯೇನ ಎಂದು.

"ನನಗೇನ ಉದ್ಯೋಗ ಇಲ್ಲನ? ನಿಮ್ಮ ದುಂಡ ದುಂಡ ಕಾಯಿ ಆಡಸ್ಕೋಂತ ಕುಂಡ್ರಾಕ?"

"ಹಂಗಾರ ಖಲೀಲ ಬಂದು ಆಡಿ ಹೋಗ್ಯಾನ."

"ಬರಲಿ ಪುಣ್ಯಾತ್ಮ. ಹೆಂಗೂ ಬರ್ತಾನಂದ್ರ ಹಿತ್ತಲ ಬಾಗಿಲಿನ ಚೌಕಟ್ಟೂ ಒಂದೀಟು ನೋಡಿ ಹೋಗಂತ ಹೇಳ್ರಿ. ತಾನ ಕುಂಡ್ರಿಸಿದ್ದು, ಮುಚ್ಚಾಕ ಬರವಲ್ದು."

ನಗಿಸಬೇಕೆಂದು ಹೇಳಿದಳು. ನಾನು ನಗಲಿಲ್ಲ. ಯಾಕೆಂದರೆ ಸರಿದ ಆ ಎರಡೂ ಕಾಯಿ ಉಬ್ಬಿವೆ. ಅವನು ಗೂಡುಗಳನ್ನು ಕೊರೆದದ್ದು ಕಾಯಿಗೆ ಅಳತೆ ಹಿಡಿದು. ಈ ಎರಡು ಈಗ ಗೂಡಿನೊಳಗೆ ಕೂಡುತ್ತಿಲ್ಲ, ಅಂಚಿನ ಮೇಲೆ ನಿಂತಿವೆ. ಬಹಳ ದಿನ ನೀರಿನಲ್ಲಿ ಬಿದ್ದ ಕಟ್ಟಿಗೆಯ ಹಾಗೆ. ಬುಡಕ್ಕೆ ಹಳ್ಳದ ಕಪ್ಪು ಎರೆಮಣ್ಣು ಮೆತ್ತಿದೆ. ನಮ್ಮ ಓಣಿಯದು ಕೆಂಪು ಮಣ್ಣು.

ನಿಮ್ಮಲ್ಲಿ ಒಂಟಿ, ನಮ್ಮಲ್ಲಿ ಜೋಡಿ ಒಡೆದದ್ದು. ಒಬ್ಬ ಮನುಷ್ಯ ಒಂದೇ ದಾಳಕ್ಕೆ ಎರಡು ಉತ್ತರ ಕೊಡುತ್ತಾನೆಯೇ? ನನ್ನನ್ನು ಅಣಕಿಸುತ್ತಿದ್ದಾನೆ ಎನಿಸುತ್ತದೆ. "ನೋಡು, ನಾ ಹೆಂಗ ಆಡ್ತಿದ್ದೆ, ನೀ ಹೆಂಗ ಆಡಿಸಿದಿ" ಎಂದು.

ಇನ್ನೊಮ್ಮೆ ಕೇಳುತ್ತೇನೆ. ಏನು ಬರೆಸಿದ?

ಸಕ್ರಪ್ಪ


ಲಕ್ಷ್ಮೇಶ್ವರ
4 ಏಪ್ರಿಲ್ 2025

ಸಕ್ರಪ್ಪಣ್ಣನವರಿಗೆ,

ನಿಮ್ಮ ಹಲಗೆಯ ಮೇಲೆ ಜೋಡಿ ಒಡೆದದ್ದು ಯಾವ ದಿನ? ನೀವು ಧೋತರ ತೆಗೆದ ದಿನವಲ್ಲ, ಅದು ಆದ ದಿನ. ಫಕ್ಕೀರವ್ವನವರನ್ನು ಸಿಟ್ಟಾಗದೆ ಕೇಳಿ. ಗೊತ್ತಿದ್ದರೆ ಹೊತ್ತೂ ಬರೆಯಿರಿ.

ಬಾನುಬಿ


ಮುಂಡರಗಿ
21 ಏಪ್ರಿಲ್ 2025

ಬಾನುಬಿ ಅಕ್ಕನವರಿಗೆ,

ಕೇಳಿದೆ. ಕೇಳಿದ್ದು ತಪ್ಪಾಯಿತು.

ಫಕ್ಕೀರವ್ವ ಮೊದಲು ಇಲ್ಲ ಇಲ್ಲ ಎಂದಳು. ಆಮೇಲೆ ಕೈಯಲ್ಲಿದ್ದ ಮೊರ ಕೆಳಗಿಟ್ಟು ಹೇಳಿದಳು. ಅಕ್ಟೋಬರ್ ಹದಿನಾರು, ಅವನು ಹೋದ ದಿನ. ನಾನು ಹೊಲದಲ್ಲಿದ್ದೆ. ಮಳೆ ಇತ್ತು. ನಾಲ್ಕು ಗಂಟೆಯ ಸುಮಾರು, ಎಮ್ಮೆ ಹಿಂಡಲು ಏಳುವಾಗ, ಪಡಸಾಲೆಯಲ್ಲಿ ಯಾರೋ ಕೆಮ್ಮಿದ ಹಾಗಾಯಿತಂತೆ. ನಾನು ಬಂದೆನೆಂದು ಹೊರಗೆ ಬಂದಳು. ಯಾರೂ ಇಲ್ಲ. ಧೋತರದ ಒಂದು ಮೂಲೆ ಮಡಚಿತ್ತು. ಹಲಗೆಯ ಮುಂದೆ, ಒಬ್ಬರು ಕೂಡುವಷ್ಟು ಜಾಗದಲ್ಲಿ ನೀರು. ಮಾಳಿಗೆ ಸೋರಿದೆ ಎಂದುಕೊಂಡು ಒರೆಸಿದಳು, ಧೋತರ ಸರಿಮಾಡಿದಳು. ನಿಮ್ಮೂರಿಂದ ಫೋನು ಬಂದದ್ದು ಏಳು ಗಂಟೆಗೆ.

"ಮಾಳಿಗಿ ಸೋರಿದ್ರ ಮ್ಯಾಲೆ ಕಲಿ ಇರಬೇಕಲ್ಲ, ಇದ್ದಿಲ್ಲ. ನೀವು ಅಂಜತೀರಂತ ಹೇಳಿದ್ದಿಲ್ರಿ" ಎಂದು ಅತ್ತಳು.

ನನಗೆ ಅರ್ಥವಾಯಿತು. ಕೊಂದವನ ಮನೆಗೆ ಮೊದಲು ಬಂದ. ಇನ್ನು ಆ ಹಲಗೆಯ ಜೊತೆ ಒಂದೇ ಮನೆಯಲ್ಲಿ ನನ್ನಿಂದ ಇರಲಾಗದು. ಮುಂದಿನ ತಿಂಗಳು ಅಮಾವಾಸ್ಯೆಗೆ ಅದನ್ನು ಒಲೆಗೆ ಹಾಕುತ್ತೇನೆ. ಕಾಯಿಯನ್ನೂ ಹಾಕುತ್ತೇನೆ. ಅವನ ಕೈಯ ಕೆಲಸ ಸುಡುವುದು ಪಾಪವಾದರೆ ಅದೂ ನನ್ನ ಲೆಕ್ಕಕ್ಕೇ ಇರಲಿ.

ನೀವು ಉತ್ತರ ಹೇಳುವುದಿಲ್ಲ ಎಂದು ತಿಳಿಯಿತು. ಹೇಳಿದರೆ ನನ್ನ ಎದೆ ಒಡೆಯುತ್ತದೆಂದು ಸುಮ್ಮನಿದ್ದೀರಿ. ನಿಮ್ಮ ದೊಡ್ಡತನ.

ಸಕ್ರಪ್ಪ


ಲಕ್ಷ್ಮೇಶ್ವರ
3 ಮೇ 2025

ಸಕ್ರಪ್ಪಣ್ಣಾ,

ಸುಡಬೇಡಿ. ದೊಡ್ಡತನ ಎಂದು ಬರೆದಿರಿ. ಆ ಶಬ್ದ ಓದಿ ಎರಡು ದಿನ ಸೂಜಿ ಹಿಡಿಯಲಾಗಲಿಲ್ಲ.

ಅವತ್ತು ಮುಂಜಾನೆ ನಿಮ್ಮ ಪತ್ರ ಓದಿ ಹೇಳಿದೆ. ನಿಮ್ಮಕ್ಕನ ಸೆರಗಿನಲ್ಲಿ ಕೂಡು ಎಂಬುದನ್ನು ಓದಬೇಕಾದವಳು ಆ ಅಕ್ಕನೇ. ಖಲೀಲ ಹೊಟ್ಟೆ ಹಿಡಿದು ನಕ್ಕ. ನನಗೆ ನಗು ಬರಲಿಲ್ಲ. ಅವನು ಹೇಳಿದ, "ಬರಿ ಆಪಾ. ಎರಡಕ್ಕ ನಡುವಿನ ಕಾಯಿ. ಒಂದಕ್ಕ ಜೋಡಿ ಒಡದೇನಿ."

"ಅವ ನಗತಾನ ನೋಡ."

"ನಗಲಿ. ನಗೂವಾಗ ಚಂದ ಕಾಣತಾನ, ಮುಂದಿನ ಹಲ್ಲಿಲ್ಲ."

"ಒಂಟಿ ಇಟ್ಟರ ಏನಾಗತೈತಿ? ಒಮ್ಮೆ ಇಟ್ಟು ಅವನ ಬಾಯಿ ಮುಚ್ಚಸು."

"ಒಂಟಿ ಇಟ್ಟರ ಅದಕ್ಕ ಆಚಿಕಡೆ ಈಚಿಕಡೆ ಯಾರೂ ಇರೂದಿಲ್ಲ ಆಪಾ. ಜೋಡಿ ಒಡದರ ಹೊಡತ ಬೀಳಬಹುದು ಖರೆ, ಆದರ ಒಂದಕ್ಕೊಂದು ಬಾಜೂಕನ ಇರ್ತಾವು. ನಂಗ ಹಂಗ ಆಡಿದ್ರನ ಸಮಾಧಾನ. ನೀ ಬರಿ."

ನಾನು ಬರೆದೆ. ಅವನು ಹೇಳಿದ್ದನ್ನಲ್ಲ. ಒಂದಕ್ಕೆ ಆರರಿಂದ ಐದಕ್ಕೆ ಒಂಟಿ ಇಟ್ಟಿದ್ದೇನೆ ಎಂದು ಬರೆದೆ. ಹನ್ನೊಂದು ವರ್ಷದಲ್ಲಿ ಅವನ ಒಂದು ಮಾತನ್ನೂ ತಿದ್ದಿರಲಿಲ್ಲ. ಆ ಒಂದು ಸಾಲು ತಿದ್ದಿದೆ. ನನ್ನ ತಮ್ಮ ಅಂಜುಬುರುಕನಲ್ಲ ಎಂದು ನಿಮಗೆ ತೋರಿಸಬೇಕಾಗಿತ್ತು. ಅವನಿಗೆ ಅದು ಬೇಕಿರಲಿಲ್ಲ, ನನಗೆ ಬೇಕಿತ್ತು. ಅವನು ನಮಾಜಿಗೆ ಹೋದಾಗ ಬಸ್ ಸ್ಟ್ಯಾಂಡಿಗೆ ಹೋಗಿ, ಎಂದಿನ ಹಾಗೆ ಎರಡೂವರೆಯ ಬಸ್ಸಿನ ಕಂಡಕ್ಟರನ ಕೈಗೆ ಪತ್ರ ಕೊಟ್ಟು ಬಂದೆ. ಬಂದು, ಪತ್ರದಲ್ಲಿ ಬರೆದ ಹಾಗೆ ಹಲಗೆಯ ಮೇಲೂ ಕಾಯಿ ಸರಿಸಿದೆ. ಬರೆದವಳು ಸರಿಸಬೇಕು ಎಂಬ ರೂಢಿ ಕೈಗೆ ಅಂಟಿತ್ತು. ಅವನು ನೋಡುತ್ತಾನೆ ಎಂಬುದು ತಲೆಗೆ ಹೊಳೆಯಲೇ ಇಲ್ಲ.

ಅವನು ಬಂದು ನೋಡಿದ. ಟೋಪಿ ಇನ್ನೂ ತೆಗೆದಿರಲಿಲ್ಲ.

"ಇದು ನನ್ನ ಮಾತಲ್ಲ ಆಪಾ."

"ಒಂದ ಕಾಯಿ ಸಂಬಂಧ ಯಾಕ ಮುಖ ಹಂಗ ಮಾಡ್ತಿ?"

"ಸಕ್ರಪ್ಪ ಅಲ್ಲೆ ಕುಂತು ನನ್ನ ದಾಳ ಹಾಕತಾನ. ಏನ ಬಿತ್ತಂತ ಬರದರೂ ನಾ ನಂಬತೇನಿ. ನಾ ಆಡಲಾರದ್ದನ್ನ ಆಡೇನಂತ ಅವ ನಂಬಬಾರದು. ಪತ್ರ ಒಡದನಂದ್ರ ನಡಿ ಖಾಯಂ ಆಕ್ಕೈತಿ. ಅವ ಒಡಿಯೂದರಾಗ ಮುಟ್ಟಬೇಕು."

ಗಾಡಿ ತೆಗೆದ. ಮಳೆ ಸಣ್ಣಗೆ ಹಿಡಿದಿತ್ತು. ನಾನು ತಡೆಯಲಿಲ್ಲ. ತಪ್ಪು ಮಾಡಿದವರಿಗೆ ಬರುವ ಸಿಟ್ಟು ನನಗೆ ಬಂದಿತ್ತು. "ಹೋಗ ಹೋಗ, ಬಸ್ಸ ಶಿರಹಟ್ಟಿ ದಾಟಿರತೈತಿ" ಎಂದೆ. ಅವನ ಜೊತೆ ನಾನು ಆಡಿದ ಕೊನೆಯ ಮಾತು ಅದು.

ಬಸ್ಸು ಶಿರಹಟ್ಟಿ ಮುಟ್ಟಿಯೂ ಇರಲಿಲ್ಲ. ಹಳ್ಳ ದಾಟಿ ಆಚೆ ದಂಡೆಯ ಮೇಲೆ ಯಾರನ್ನೋ ಇಳಿಸುತ್ತ ನಿಂತಿತ್ತಂತೆ. ಇವನಿಗೆ ಕಣ್ಣ ಮುಂದೆ ಕಾಣುತ್ತಿತ್ತು. ಕೈ ಬೀಸಿದನಂತೆ, ಕೂಗಿದನಂತೆ. ಬಸ್ಸು ಹೊರಟಿತು. ಇವನು ಇಳಿದ.

ಮೂರನೇ ದಿನ ಕಂಡಕ್ಟರ್ ಆ ಪತ್ರವನ್ನು ವಾಪಸು ತಂದು ನನ್ನ ಕೈಗೆ ಕೊಟ್ಟು, ಅವತ್ತು ಸಕ್ರಪ್ಪನವರು ಬಸ್ಸಿಗೆ ಬಂದಿರಲಿಲ್ಲ, ಈಗ ಇಂಥ ಹೊತ್ತಿನಲ್ಲಿ ಅವರಿಗೆ ಹೇಗೆ ಕೊಡಲಿ ಎಂದು ಕಣ್ಣೊರೆಸಿಕೊಂಡ. ಅದನ್ನು ಅಂದೇ ಸುಟ್ಟೆ. ನಿಮ್ಮ ಚೇಷ್ಟೆ ಅವನನ್ನು ಕೊಲ್ಲಲಿಲ್ಲ. ಅವನು ಅದಕ್ಕೆ ನಕ್ಕಿದ್ದ. ಏಳು ತಿಂಗಳು ನಿಮ್ಮ ತಲೆಯ ಮೇಲೆ ಆ ಭಾರ ಇರಲು ಬಿಟ್ಟೆ. ನೀವು ಹೊತ್ತಷ್ಟು ಹೊತ್ತು ನನಗೆ ಹಗುರವಿತ್ತು. ಇದಕ್ಕಿಂತ ಕೆಟ್ಟದ್ದು ನನ್ನ ಬಗ್ಗೆ ಬರೆಯಲು ನನಗೆ ಗೊತ್ತಿಲ್ಲ.

ಅವನು ನಿಮ್ಮನ್ನು ಅಣಕಿಸುತ್ತಿಲ್ಲ. ಎರಡು ಉತ್ತರವನ್ನೂ ಕೊಟ್ಟಿಲ್ಲ. ಇಲ್ಲಿ ನಾನು ಇಟ್ಟದ್ದನ್ನು ಹಿಂದೆ ಸರಿಸುತ್ತಿದ್ದಾನೆ. ಅಲ್ಲಿ ತನ್ನ ನಡೆ ತಾನೇ ಆಡಿದ್ದಾನೆ. ಫಕ್ಕೀರವ್ವನವರು ಒರೆಸಿದ ನೀರು ಮಾಳಿಗೆಯದ್ದಲ್ಲ. ನನ್ನ ತಮ್ಮ ಹೊರಟಲ್ಲಿಗೆ ಮುಟ್ಟಿದ್ದಾನೆ.

ಈಗ ನಿಮ್ಮ ಸರದಿ. ನಿಮ್ಮ ದಾಳ ಹಾಕಬೇಕಾದವನು ಇಲ್ಲ, ನಾನು ಹಾಕಿದ್ದೇನೆ. ಮೂರು-ಒಂದು ಬಿದ್ದಿದೆ. ನನ್ನನ್ನು ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಬಾನುಬಿ


ಮುಂಡರಗಿ
29 ಜೂನ್ 2025

ಬಾನುಬಿಯವರಿಗೆ,

ಅಕ್ಕ ಎಂದು ಬರೆಯಲು ಕೈ ಬರಲಿಲ್ಲ. ಎರಡು ತಿಂಗಳು ಪೆನ್ನು ಮುಟ್ಟಲಿಲ್ಲ. ಏಳು ತಿಂಗಳು ನಾನು ತಿಂದ ಅನ್ನ ಮಣ್ಣಾಗಿತ್ತು, ನೀವು ಊಟ ಸರಿಯಾಗಿ ಮಾಡಿ ಎಂದು ಬರೆದಿರಿ. ಅದನ್ನು ಮರೆಯಲು ನನಗೆ ಇನ್ನೂ ದಿನ ಬೇಕು. ಫಕ್ಕೀರವ್ವ ಮಾತ್ರ, "ಆಕಿಗೆ ಈಗ ಯಾರದಾರ? ನೀವು ಬರೀರಿ" ಎಂದು ದಿನಾ ಹಿಂದೆ ಬಿದ್ದಿದ್ದಾಳೆ.

ಹಲಗೆ ಸುಡಲಿಲ್ಲ. ಮೂರು-ಒಂದು ನಂಬಿದೆ. ನನ್ನ ಐದನೇ ಗೂಡು ಕಟ್ಟಿಕೊಂಡೆ.

ಆಮೇಲೆ ಖಲೀಲನ ದಾಳ ಹಾಕಿದೆ. ನಾಲ್ಕು-ಎರಡು. ಬಾಯಿಂದ ಜೋರಾಗಿ ಹೇಳಿ, ದಾಳ ಹಾಗೇ ಬಿಟ್ಟು ಹೊಲಕ್ಕೆ ಹೋದೆ. ಎರಡು ದಿನ ಏನೂ ಇಲ್ಲ. ಮೂರನೆಯ ದಿನ ಮಧ್ಯಾಹ್ನ ಬುತ್ತಿಗೆಂದು ಬಂದೆ. ಎಂಟನೇ ಗೂಡಿನಿಂದ ಒಂದು, ಆರರಿಂದ ಒಂದು, ತನ್ನ ನಾಲ್ಕನೇ ಗೂಡಿಗೆ ಬಂದು ಕೂತಿದ್ದವು. ಚಲೋ ನಡೆ. ನಾನಾಗಿದ್ದರೂ ಅದನ್ನೇ ಆಡುತ್ತಿದ್ದೆ. ನೆಲ ಒಣಗಿತ್ತು. ಹಿಂದೆ ಉಬ್ಬಿದ್ದ ಕಾಯಿಗಳೂ ಈಗ ಗೂಡಿನಲ್ಲಿ ಸರಿಯಾಗಿ ಕೂತಿವೆ.

ನನಗೆ ಹೆದರಿಕೆ ಹೋಗಿದೆ. ಅದನ್ನೇ ಬರೆಯಬೇಕಾಗಿತ್ತು.

ಸಕ್ರಪ್ಪ


ಲಕ್ಷ್ಮೇಶ್ವರ
13 ಜುಲೈ 2025

ಸಕ್ರಪ್ಪಣ್ಣನವರಿಗೆ,

ನಿಮ್ಮ ಪತ್ರ ಬಂದ ದಿನವೇ ಇಲ್ಲಿಯ ಹಲಗೆಯನ್ನು ಅಲ್ಲಿಯ ಹಾಗೆ ಮಾಡಿದೆ. ನಡುವಿನ ಕಾಯಿ, ಒಡೆದ ಜೋಡಿ, ನಿಮ್ಮ ಐದು, ಅವನ ನಾಲ್ಕು. ನಿಮ್ಮ ಮುಂದಿನ ದಾಳ ಹಾಕಿದೆ, ಆರು-ಐದು.

ನಿಮಗೆ ಖರೆ ಬರೆದ ಮೇ ಮೂರರಿಂದ ನಮ್ಮ ಮನೆಯಲ್ಲಿ ಏನೂ ಸರಿಯುತ್ತಿಲ್ಲ. ಮೊದಲು ಸಮಾಧಾನವಾಯಿತು. ಆಮೇಲೆ ಬೇಕೆಂದೇ ಒಂದು ಕಾಯಿಯನ್ನು ತಪ್ಪು ಗೂಡಿನಲ್ಲಿ ಇಟ್ಟು, ಬಾಗಿಲು ಹಾಕಿಕೊಂಡು ಪೇಟೆಗೆ ಹೋದೆ. ತಿದ್ದಲಾದರೂ ಬರಲಿ ಎಂದು. ಮುಂಜಾನೆಯಿಂದ ಸಂಜೆಯವರೆಗೆ ಹೊರಗೇ ಇದ್ದೆ. ಬಂದು ನೋಡಿದರೆ ಇಟ್ಟಲ್ಲೇ ಇತ್ತು. ನಾನೇ ಸರಿಮಾಡಿದೆ. ಹಾಗೆ ಮೂರು ಸಲ ಮಾಡಿದ್ದೇನೆ. ನಸ್ರೀನ ಈಗ ಮೊದಲಿನ ಹಾಗೆ ಚಹಾಕ್ಕೆ ಬರುತ್ತಾಳೆ, ಮನೆಯಲ್ಲಿ ಏನೂ ಇಲ್ಲ ಎಂದು ಅವಳಿಗೂ ಗೊತ್ತಾಗಿದೆ.

ಅವನು ನಿಮ್ಮಲ್ಲೇ ಉಳಿದಿದ್ದಾನೆ. ಇರಲಿ, ಕರೆಯುವ ಹಕ್ಕು ನನಗಿಲ್ಲ. ನಿಮ್ಮ ಸಿಟ್ಟು ಇಳಿಯುವವರೆಗೆ ನನಗಾಗಿ ಒಂದು ಸಾಲೂ ಬರೆಯಬೇಡಿ. ಅವನು ಏನು ಆಡಿದ ಎಂಬುದನ್ನಷ್ಟೇ ಬರೆಯಿರಿ. ಹೇಗೆ ಆಡಿದರೂ ಸರಿ. ಸೋಲುವ ನಡೆಯಾದರೂ ಸರಿ. ನೀವು ಬರೆದ ಹಾಗೇ ಓದಿ, ಬರೆದ ಹಾಗೇ ಇಡುತ್ತೇನೆ.

ಅವನ ಅಕ್ಕ,
ಬಾನುಬಿ